ಮೆದುಳಿನ ಊತ: ಬೇಗ ಗುರುತಿಸಿದರೆ ಪೂರ್ಣ ಗುಣ

ಕಾಲು ಊದಿಕೊಂಡರೆ ಕಣ್ಣಿಗೆ ಕಾಣುತ್ತದೆ. ಮುಖ ಊದಿಕೊಂಡರೆ ಮನೆಯವರೇ ಕೇಳುತ್ತಾರೆ. ಆದರೆ ಮೆದುಳು ಊದಿಕೊಂಡರೆ ಹೊರಗೆ ಏನೂ ಕಾಣದು. ಅದು ಗಟ್ಟಿಯಾದ ತಲೆಬುರುಡೆಯ ಒಳಗಿದೆ. ತನಗಾದ ತೊಂದರೆಯನ್ನು ಅದು ಬೇರೆ ರೀತಿಯಲ್ಲಿ ತಿಳಿಸುತ್ತದೆ: ಬಿಡದೆ ಕಾಡುವ ತಲೆನೋವು, ಮಂಜಾಗುವ ಕಣ್ಣು, ಗಲಿಬಿಲಿಗೊಂಡ ಮನಸ್ಸು, ಕೊನೆಗೆ ಫಿಟ್ಸ್. ಈ ನಾಲ್ಕು ಲಕ್ಷಣಗಳ ಅರ್ಥ ಮನೆಯವರಿಗೆ ತಿಳಿದಿದ್ದರೆ ಎಷ್ಟೋ ಸಲ ಒಂದು ಜೀವ ಉಳಿಯುತ್ತದೆ.

ಮೆದುಳಿಗೆ ಊತ ಬರಲು ಕಾರಣಗಳು ಹಲವು. ತಲೆಗೆ ಬಿದ್ದ ಪೆಟ್ಟು, ಗೆಡ್ಡೆ, ಮೆದುಳು ಜ್ವರ, ಪಾರ್ಶ್ವವಾಯು ಇವೆಲ್ಲವೂ ಆ ಪಟ್ಟಿಯಲ್ಲಿವೆ. ಈ ವಾರ ಹೇಳಹೊರಟಿರುವುದು ಇವುಗಳಿಗಿಂತ ಭಿನ್ನವಾದ ಒಂದು ಊತದ ಬಗ್ಗೆ. ಹೆಚ್ಚಾಗಿ ರಕ್ತದೊತ್ತಡ ಏಕಾಏಕಿ ಏರಿದಾಗ ಬರುವ, ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದರೆ ಬಂದ ಹಾಗೆಯೇ ಇಳಿದುಹೋಗುವ ಊತ ಇದು. ವೈದ್ಯರು ಇದನ್ನು ‘ಪೋಸ್ಟೀರಿಯರ್ ರಿವರ್ಸಿಬಲ್ ಎನ್‌ಸೆಫಲೋಪತಿ ಸಿಂಡ್ರೋಮ್’ ಎನ್ನುತ್ತಾರೆ. ಚುಟುಕಾಗಿ ‘ಪ್ರೆಸ್’. ಹೆಸರು ಉದ್ದವಾದರೂ ಅರ್ಥ ಸರಳ: ಮುಖ್ಯವಾಗಿ ಮೆದುಳಿನ ಹಿಂಭಾಗವನ್ನು ಕಾಡುವ, ಮತ್ತೆ ಮೊದಲಿನಂತಾಗಬಲ್ಲ ತೊಂದರೆ.

ರಕ್ತದೊತ್ತಡ ವಿಪರೀತ ಏರಿದಾಗ ಮೆದುಳು ಕೆಡುತ್ತದೆ ಎಂಬುದು ವೈದ್ಯರಿಗೆ ಬಹಳ ಹಿಂದೆಯೇ, 1928ರ ಹೊತ್ತಿಗಾಗಲೇ ಗೊತ್ತಿತ್ತು. ಆದರೆ ಎಂ.ಆರ್.ಐ. ಸ್ಕ್ಯಾನ್ ಬರುವವರೆಗೆ ಒಳಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಆಗಿರಲಿಲ್ಲ. 1996ರಲ್ಲಿ ಹಿಂಚಿ ಮತ್ತು ಸಂಗಡಿಗರು 15 ರೋಗಿಗಳ ವಿವರವನ್ನು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವರು ನಂಜಿನಿಂದ ಫಿಟ್ಸ್ ಬಂದ ಗರ್ಭಿಣಿ ಅಥವಾ ಬಾಣಂತಿಯರು, ಕೆಲವರು ಮೂತ್ರಪಿಂಡದ ರೋಗಿಗಳು, ಇನ್ನು ಕೆಲವರು ಅಂಗ ಕಸಿಯ ನಂತರ ಔಷಧಿ ಸೇವಿಸುತ್ತಿದ್ದವರು. ಕಾಯಿಲೆ ಬೇರೆ ಬೇರೆ, ಆದರೆ ಮೆದುಳಿನ ಚಿತ್ರ ಮಾತ್ರ ಒಂದೇ ಬಗೆಯದು. ಅಲ್ಲಿಂದ ಈ ತೊಂದರೆಗೆ ಪ್ರತ್ಯೇಕ ಹೆಸರು ಬಂತು.

ಊತ ಏಕೆ ಬರುತ್ತದೆ?

ಕೆರೆಯ ತೂಬನ್ನು ನೆನೆಸಿಕೊಳ್ಳಿ. ಕೆರೆಯಲ್ಲಿ ನೀರು ಹೆಚ್ಚಿದ್ದಾಗ ತೂಬನ್ನು ಕಿರಿದು ಮಾಡುತ್ತಾರೆ, ಕಡಿಮೆಯಾದಾಗ ಅಗಲ ಮಾಡುತ್ತಾರೆ. ಗದ್ದೆಗೆ ಹೋಗುವ ನೀರು ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ. ಮೆದುಳಿನ ಸಣ್ಣ ರಕ್ತನಾಳಗಳೂ ಹೀಗೆಯೇ. ಬಿ.ಪಿ. ಏರಿದರೆ ಅವು ಬಿಗಿಯುತ್ತವೆ, ಇಳಿದರೆ ಸಡಿಲುತ್ತವೆ. ಆದ್ದರಿಂದ ನೀವು ಓಡಿದರೂ ಮಲಗಿದರೂ ಮೆದುಳಿಗೆ ಹೋಗುವ ರಕ್ತದ ಪ್ರಮಾಣದಲ್ಲಿ ದೊಡ್ಡ ಏರುಪೇರಾಗದು.

ಈ ವ್ಯವಸ್ಥೆಗೂ ಒಂದು ಮಿತಿ ಇದೆ. ಒತ್ತಡ ತೀರಾ ಹೆಚ್ಚಾದರೆ, ಅದಕ್ಕಿಂತ ಮುಖ್ಯವಾಗಿ ತೀರಾ ವೇಗವಾಗಿ ಏರಿದರೆ, ಬಿಗಿದ ನಾಳಗಳು ಸೋತು ಹಿಗ್ಗುತ್ತವೆ. ನಾಳದ ಒಳಪದರದ ಮೂಲಕ ರಕ್ತದ ನೀರಿನ ಅಂಶ ಸುತ್ತಲಿನ ಮೆದುಳಿಗೆ ಒಸರುತ್ತದೆ. ಇದೇ ಊತ. ಒತ್ತಡದ ಏರಿಳಿತವನ್ನು ತಾಳಿಕೊಳ್ಳಲು ನೆರವಾಗುವ ನರಗಳ ಜಾಲ ಮೆದುಳಿನ ಹಿಂಭಾಗದ ರಕ್ತನಾಳಗಳಲ್ಲಿ ವಿರಳ. ಹಾಗಾಗಿ ಮೊದಲು ಅಲ್ಲಿಯೇ ಊತ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ವರ್ಷಗಟ್ಟಲೆ ಬಿ.ಪಿ. ಇರುವವರ ನಾಳಗಳು ಹೆಚ್ಚಿನ ಒತ್ತಡಕ್ಕೆ ಒಗ್ಗಿಕೊಂಡಿರುತ್ತವೆ. ಅವರಿಗೆ 180 ಇದ್ದರೂ ಕೆಲವು ಸಲ ಏನೂ ಅನ್ನಿಸದು. ಆದರೆ ಸದಾ 110/70 ಇರುತ್ತಿದ್ದ ಎಳೆಯ ವಯಸ್ಸಿನ ಗರ್ಭಿಣಿಗೆ ಎರಡು ಮೂರು ದಿನಗಳಲ್ಲಿ 160/110 ಆದರೆ ಅದು ಗಂಡಾಂತರ. ಗರ್ಭಿಣಿಯ ನಂಜಿನಲ್ಲಿ ನಾಳದ ಒಳಪದರವೇ ಹಾಳಾಗಿರುತ್ತದೆ. ಆದ್ದರಿಂದ ಒತ್ತಡ ಇನ್ನೂ ಕಡಿಮೆ ಇದ್ದಾಗಲೂ ಊತ ಬರಬಹುದು. ಕೆಲವು ಔಷಧಿಗಳಿಂದ ಬರುವ ಪ್ರೆಸ್‌ನಲ್ಲಿ ಬಿ.ಪಿ. ಬಹುತೇಕ ಸರಿಯಾಗಿಯೇ ಇರಬಹುದು. ‘ಬಿ.ಪಿ. ಅಷ್ಟೇನೂ ಇಲ್ಲ’ ಎಂದು ಸುಮ್ಮನಿರಬಾರದು.

ಯಾರಿಗೆ ಹೆಚ್ಚು?

1. ಗರ್ಭಿಣಿಯರು ಮತ್ತು ಬಾಣಂತಿಯರು. ನಮ್ಮಲ್ಲಿ ಮುಖ್ಯವಾಗಿ ಗಮನ ಕೊಡಬೇಕಾದವರು ಇವರು.

2. ಬಿ.ಪಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದವರು. ‘ಈಗ ಸರಿಹೋಗಿದೆ, ಇನ್ನೇಕೆ ಮಾತ್ರೆ’ ಎಂದು ಬಿಟ್ಟವರಲ್ಲಿ ಒತ್ತಡ ಒಮ್ಮೆಲೇ ಮೇಲೇರಬಹುದು.

3. ಮೂತ್ರಪಿಂಡ ಕೆಟ್ಟವರು, ಡಯಾಲಿಸಿಸ್ ತಪ್ಪಿಸಿದವರು.

4. ಅಂಗ ಕಸಿಯ ನಂತರ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಮುಂತಾದ ಔಷಧಿ ಸೇವಿಸುವವರು, ಕೆಲವು ಕ್ಯಾನ್ಸರ್ ಔಷಧಿ ಪಡೆಯುವವರು.

5. ಲೂಪಸ್‌ನಂತಹ ಕಾಯಿಲೆ ಇರುವವರು, ರಕ್ತಕ್ಕೆ ತೀವ್ರ ಸೋಂಕು ತಗುಲಿದವರು.

6. ಮೂತ್ರಪಿಂಡದ ಉರಿಯೂತ ಬಂದ ಮಕ್ಕಳು.

ಬಾಣಂತಿಯ ತಲೆನೋವು

ಹೆರಿಗೆಯಾದರೆ ನಂಜಿನ ಭಯ ಮುಗಿಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಇದು ತಪ್ಪು. ಹೆರಿಗೆಯ ನಂತರ ಮೂರರಿಂದ ಆರನೆಯ ದಿನದವರೆಗೆ ಬಿ.ಪಿ. ಮತ್ತೆ ಏರುವುದು ಸಾಮಾನ್ಯ. ಬಸಿರಿನಲ್ಲಿ ಒಮ್ಮೆಯೂ ಬಿ.ಪಿ. ಇರದಿದ್ದವರಿಗೂ ಹೆರಿಗೆಯ ನಂತರ ಬರಬಹುದು. ಫಿಟ್ಸ್ ಹೆಚ್ಚಾಗಿ ಬರುವುದು ಮೊದಲ 48 ಗಂಟೆಗಳಲ್ಲಿ. ಆದರೆ ಆರು ವಾರಗಳವರೆಗೂ ಎಚ್ಚರ ಬೇಕು.

ನಮ್ಮ ಪದ್ಧತಿಯನ್ನು ನೋಡಿ. ಆಸ್ಪತ್ರೆಯಿಂದ ಮೂರನೆಯ ದಿನ ಬಿಡುಗಡೆ. ಚೊಚ್ಚಲ ಹೆರಿಗೆಯಾದರೆ ನೇರ ತವರುಮನೆಗೆ. ಬಿ.ಪಿ. ಏರುವ ದಿನಗಳು ಬರುವ ಹೊತ್ತಿಗೆ ಬಾಣಂತಿ ಕತ್ತಲ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿರುತ್ತಾಳೆ. ಅಲ್ಲಿ ಬಿ.ಪಿ. ನೋಡುವವರು ಯಾರೂ ಇಲ್ಲ. ತಲೆ ನೋಯುತ್ತಿದೆ ಎಂದರೆ ‘ತಲೆಗೆ ಗಾಳಿ ಹೊಕ್ಕಿದೆ, ಇನ್ನೂ ಬಿಗಿಯಾಗಿ ಕಟ್ಟು’ ಎನ್ನುತ್ತಾರೆ. ಕಣ್ಣು ಮಂಜು ಎಂದರೆ ‘ನಿತ್ರಾಣ, ರಕ್ತ ಹೋಗಿದೆಯಲ್ಲ’ ಎನ್ನುತ್ತಾರೆ. ಏನೇನೋ ಬಡಬಡಿಸಿದರೆ ‘ಬಾಣಂತಿ ಸನ್ನಿ’ ಎಂದು ಹೆದರುತ್ತಾರೆ. ಹಿರಿಯರ ಪ್ರೀತಿ ದೊಡ್ಡದು, ಅನುಮಾನವಿಲ್ಲ. ಆದರೆ ಕಟ್ಟಿದ ಬಟ್ಟೆಯಿಂದ ಬಿ.ಪಿ. ಇಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇಪ್ಪತ್ತೆರಡರ ಒಬ್ಬ ಬಾಣಂತಿಯನ್ನು ನನ್ನ ಬಳಿಗೆ ಕರೆತಂದಿದ್ದರು. ಹೆರಿಗೆಯಾಗಿ ಐದನೆಯ ದಿನ. ಎರಡು ದಿನದಿಂದ ತಲೆನೋವು. ಆ ದಿನ ಮಧ್ಯಾಹ್ನ ‘ಅಮ್ಮಾ, ದೀಪ ಹಾಕು, ಮಗು ಕಾಣಿಸ್ತಿಲ್ಲ’ ಎಂದಳಂತೆ. ಹೊರಗೆ ಸುಡುವ ಬಿಸಿಲು. ತಾಯಿಗೆ ಗಾಬರಿಯಾಯಿತು. ಬರುವ ದಾರಿಯಲ್ಲೇ ಒಮ್ಮೆ ಫಿಟ್ಸ್ ಬಂದಿತ್ತು. ಬಿ.ಪಿ. 180/116. ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ಸ್ಕ್ಯಾನ್‌ನಲ್ಲಿ ಮೆದುಳಿನ ಹಿಂಭಾಗದ ಊತ ಕಂಡುಬಂತು. ಮೂರನೆಯ ದಿನ ಅವಳಿಗೆ ಮಗುವಿನ ಮುಖ ಸ್ಪಷ್ಟವಾಗಿ ಕಂಡಿತು. ಅವಳನ್ನು ಉಳಿಸಿದ್ದು ತಡಮಾಡದೆ ಆಟೋ ಹಿಡಿದ ಆ ತಾಯಿ.

ಬಾಣಂತಿಯ ತಲೆನೋವೆಲ್ಲ ಪ್ರೆಸ್ ಅಲ್ಲ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟ ನಂತರ ಬರುವ ತಲೆನೋವು ಕುಳಿತಾಗ ಹೆಚ್ಚಾಗಿ ಮಲಗಿದಾಗ ಕಡಿಮೆಯಾಗುತ್ತದೆ. ಮೆದುಳಿನಿಂದ ರಕ್ತ ಹೊರತರುವ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಮತ್ತೊಂದು ಗಂಭೀರ ತೊಂದರೆ. ಇದರಲ್ಲೂ ತಲೆನೋವು, ಫಿಟ್ಸ್ ಬರುತ್ತವೆ. ಆದರೆ ಚಿಕಿತ್ಸೆ ಬೇರೆ. ಬಾಣಂತಿಗೆ ನೀರು ಕೊಡದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ದಯವಿಟ್ಟು ಅವಳಿಗೆ ಬಾಯಾರಿದಷ್ಟು ನೀರು ಕೊಡಿ. ಯಾವ ತಲೆನೋವು ಯಾವುದು ಎಂದು ಮನೆಯಲ್ಲಿ ನಿರ್ಧರಿಸಲು ಆಗದು. ನಿಮ್ಮ ಕೆಲಸ ಬಿ.ಪಿ. ನೋಡಿಸುವುದು, ವೈದ್ಯರಿಗೆ ತೋರಿಸುವುದು.

ಕಣ್ಣು ಸರಿಯಿದ್ದೂ ಕಾಣದು

ಈ ಕಾಯಿಲೆಯಲ್ಲಿ ದೃಷ್ಟಿ ಏಕೆ ಹೋಗುತ್ತದೆ? ಕಣ್ಣು ಕ್ಯಾಮೆರಾ ಇದ್ದಂತೆ. ಅದು ತೆಗೆದ ಚಿತ್ರವನ್ನು ಅರ್ಥ ಮಾಡಿಕೊಳ್ಳುವುದು ಮೆದುಳಿನ ಹಿಂಭಾಗ. ಅಲ್ಲಿ ಊತ ಬಂದರೆ ಕಣ್ಣು ಎಷ್ಟೇ ಚೆನ್ನಾಗಿದ್ದರೂ ಕಾಣಿಸದು. ಕೆಲವರಿಗೆ ಮಂಜು, ಕೆಲವರಿಗೆ ಮಿಂಚು ಹೊಡೆದಂತೆ, ಕೆಲವರಿಗೆ ಒಂದು ಪಕ್ಕ ಮಾತ್ರ ಕತ್ತಲು, ಇನ್ನು ಕೆಲವರಿಗೆ ಪೂರ್ಣ ಕುರುಡು. ಟಾರ್ಚು ಬಿಟ್ಟರೆ ಕಣ್ಣಿನ ಪಾಪೆ ಎಂದಿನಂತೆ ಕಿರಿದಾಗುತ್ತದೆ. ಹಾಗಾಗಿ ‘ನಾಟಕ ಮಾಡುತ್ತಿದ್ದಾಳೆ’ ಎಂದು ತಿಳಿಯುವವರೂ ಉಂಟು. ಬಿ.ಪಿ. ಹೆಚ್ಚಿದ್ದು ದೃಷ್ಟಿ ಹೋದರೆ ಕನ್ನಡಕದಂಗಡಿಗೆ ಹೋಗಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಮಕ್ಕಳಲ್ಲಿ

ಗಂಟಲು ನೋವು ಅಥವಾ ಚರ್ಮದ ಮೇಲೆ ಕೀವುಗುಳ್ಳೆ ಆಗಿ ಒಂದೆರಡು, ಕೆಲವು ಸಲ ಮೂರು ವಾರಗಳ ನಂತರ ಕೆಲವು ಮಕ್ಕಳಿಗೆ ಮೂತ್ರಪಿಂಡದ ಉರಿಯೂತ ಬರುತ್ತದೆ. ಬೆಳಗ್ಗೆ ಏಳುವಾಗ ಮುಖ, ಕಣ್ಣಿನ ರೆಪ್ಪೆ ಊದಿರುತ್ತವೆ. ಮೂತ್ರ ಕಡಿಮೆಯಾಗಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಇಂತಹ ಮಗುವಿನ ಬಿ.ಪಿ. ಏರಿ ತಲೆನೋವು, ವಾಂತಿ, ಫಿಟ್ಸ್ ಬರಬಹುದು. ಮಕ್ಕಳಿಗೂ ಬಿ.ಪಿ. ಇರುತ್ತದೆಯೇ ಎಂದು ಕೇಳುತ್ತೀರಿ. ಇರುತ್ತದೆ. ಮುಖ ಊದಿದ ಮಗುವಿಗೆ ಬಿ.ಪಿ. ನೋಡಲೇಬೇಕು. ಅದಕ್ಕೆ ಬೇಕಾದ ಚಿಕ್ಕ ಪಟ್ಟಿ ಮಕ್ಕಳ ವೈದ್ಯರಲ್ಲಿ ಇರುತ್ತದೆ.

ಪರೀಕ್ಷೆ ಮತ್ತು ಚಿಕಿತ್ಸೆ

ಮೊದಲ ಪರೀಕ್ಷೆ ಬಿ.ಪಿ. ನೋಡುವುದು. ನಂತರ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಪ್ಲೇಟ್‌ಲೆಟ್, ಮೂತ್ರಪಿಂಡ ಹಾಗೂ ಯಕೃತ್ತಿನ ಪರೀಕ್ಷೆ. ಸಿ.ಟಿ. ಸ್ಕ್ಯಾನ್ ಮೆದುಳಿನ ರಕ್ತಸ್ರಾವವನ್ನು ಬೇಗ ತೋರಿಸುತ್ತದೆ. ಆದರೆ ಪ್ರೆಸ್‌ನ ಊತ ಅದರಲ್ಲಿ ಕಾಣದೆಯೂ ಇರಬಹುದು. ಎಂ.ಆರ್.ಐ.ನಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಎಂ.ಆರ್.ಐ. ಆಗುವವರೆಗೆ ಚಿಕಿತ್ಸೆ ಕಾಯಬೇಕಿಲ್ಲ, ಕಾಯಬಾರದು.

ಚಿಕಿತ್ಸೆಗೆ ಮೂರು ಭಾಗಗಳು. ಮೊದಲನೆಯದು ಬಿ.ಪಿ. ಇಳಿಸುವುದು. ಇಲ್ಲಿ ಆತುರ ಸಲ್ಲದು. 220/130 ಇದ್ದದ್ದನ್ನು ಒಂದೇ ಗಂಟೆಯಲ್ಲಿ 120/80ಕ್ಕೆ ತಂದರೆ ಮೆದುಳಿಗೆ ರಕ್ತ ಸಾಲದೆ ಪಾರ್ಶ್ವವಾಯು ಆಗಬಹುದು. ಮೊದಲ ಕೆಲವು ಗಂಟೆಗಳಲ್ಲಿ ಸುಮಾರು ಕಾಲು ಭಾಗದಷ್ಟು ಇಳಿಸಿ, ಉಳಿದದ್ದನ್ನು ನಿಧಾನವಾಗಿ ತರುತ್ತಾರೆ. ಲ್ಯಾಬೆಟಲಾಲ್‌ನಂತಹ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟು ಪದೇ ಪದೇ ಬಿ.ಪಿ. ನೋಡುತ್ತಾರೆ. ಹಿಂದೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಗೆಯ ಕೆಳಗೆ ಹಿಂಡುವ ರೂಢಿ ಇತ್ತು. ಬಿ.ಪಿ. ಹಠಾತ್ತನೆ ಕುಸಿಯುವುದರಿಂದ ಅದನ್ನು ಕೈಬಿಡಲಾಗಿದೆ. ಮನೆಯಲ್ಲಿ ಯಾರದೋ ಬಿ.ಪಿ. ಮಾತ್ರೆಯನ್ನು ಎರಡೆರಡು ನುಂಗಿಸುವುದೂ ಇಷ್ಟೇ ಅಪಾಯ.

ಎರಡನೆಯದು ಫಿಟ್ಸ್ ನಿಲ್ಲಿಸುವುದು. ಗರ್ಭಿಣಿ, ಬಾಣಂತಿಯರಿಗೆ ಇದಕ್ಕೆ ಅತ್ಯುತ್ತಮ ಔಷಧಿ ಮೆಗ್ನೀಸಿಯಂ ಸಲ್ಫೇಟ್. ಅಗ್ಗದ, ಹಳೆಯ ಔಷಧಿ. ಭಾರತವೂ ಸೇರಿ ಹಲವು ದೇಶಗಳ 1,600ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಡಯಾಜೆಪಾಮ್, ಫೆನಿಟಾಯಿನ್ ಎರಡಕ್ಕಿಂತಲೂ ಚೆನ್ನಾಗಿ ಫಿಟ್ಸ್ ಮರುಕಳಿಸದಂತೆ ತಡೆಯಿತು. ತೀವ್ರ ನಂಜು ಇರುವವರಿಗೆ ಮೊದಲೇ ಕೊಟ್ಟರೆ ಫಿಟ್ಸ್ ಬರುವ ಸಂಭವ ಅರ್ಧಕ್ಕಿಳಿಯುತ್ತದೆ ಎಂಬುದು 2002ರಲ್ಲಿ ಪ್ರಕಟವಾದ, ಸುಮಾರು 10,000 ಮಹಿಳೆಯರ ಅಧ್ಯಯನದಿಂದ ಖಚಿತವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದರ ಮೊದಲ ಡೋಸನ್ನು ಸೊಂಟದ ಕೆಳಗಿನ ಸ್ನಾಯುವಿಗೆ ಕೊಟ್ಟು ಮುಂದಕ್ಕೆ ಕಳುಹಿಸಬಹುದು. ‘ಇಲ್ಲೇಕೆ ಇಂಜೆಕ್ಷನ್, ದೊಡ್ಡ ಆಸ್ಪತ್ರೆಗೇ ಹೋಗುತ್ತೇವೆ’ ಎಂದು ತಕರಾರು ತೆಗೆಯಬೇಡಿ. ದಾರಿಯಲ್ಲಿ ಕಾಪಾಡುವುದು ಆ ಇಂಜೆಕ್ಷನ್ನೇ. ಫಿಟ್ಸ್‌ಗೆ ಬೇರೆ ಕಾರಣಗಳಿರುವ ಇತರ ರೋಗಿಗಳಿಗೆ ಬೇರೆ ಔಷಧಿಗಳಿವೆ.

ಮೂರನೆಯದು ಮೂಲ ಕಾರಣವನ್ನು ತೆಗೆಯುವುದು. ಗರ್ಭಿಣಿಯಾದರೆ ಸ್ಥಿತಿ ಹದಕ್ಕೆ ಬಂದೊಡನೆ ಹೆರಿಗೆ ಮಾಡಿಸುತ್ತಾರೆ. ಮೂತ್ರಪಿಂಡ ಕೆಟ್ಟಿದ್ದರೆ ಡಯಾಲಿಸಿಸ್. ಔಷಧಿಯೇ ಕಾರಣವಾದರೆ ಅದನ್ನು ಕಡಿಮೆ ಮಾಡುತ್ತಾರೆ ಅಥವಾ ಬದಲಿಸುತ್ತಾರೆ. ಇದನ್ನು ರೋಗಿ ತಾನೇ ಮಾಡಕೂಡದು. ಕಸಿ ಮಾಡಿದ ಮೂತ್ರಪಿಂಡ ಉಳಿಯುವುದು ಆ ಔಷಧಿಯಿಂದಲೇ.

ಫಿಟ್ಸ್ ಬಂದಾಗ ಮನೆಯವರು ಮಾಡಬೇಕಾದದ್ದು

* ರೋಗಿಯನ್ನು ಎಡ ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿಯಲಿ.
* ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ.
* ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುವುದು ಬೇಡ. ಫಿಟ್ಸ್ ತಾನಾಗಿ ನಿಲ್ಲುತ್ತದೆ. ನಿಂತದ್ದು ಕೀಲಿಕೈಯಿಂದ ಎಂದು ನಾವು ಭಾವಿಸುತ್ತೇವೆ.
* ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತ ತಗುಲುವ ವಸ್ತುಗಳನ್ನು ಸರಿಸಿ, ಬಿಗಿ ಬಟ್ಟೆ ಸಡಿಲಿಸಿ.
* ಕೂಡಲೇ 108ಕ್ಕೆ ಫೋನ್ ಮಾಡಿ. ಗರ್ಭಿಣಿ, ಬಾಣಂತಿಯಾದರೆ ಅದನ್ನು ಮೊದಲೇ ಹೇಳಿ.
* ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು ಜೊತೆಗೆ ಒಯ್ಯಿರಿ.

ಗುಣವಾದ ಮೇಲೆ

ಸರಿಯಾದ ಚಿಕಿತ್ಸೆ ಸಿಕ್ಕಿದರೆ ಹೆಚ್ಚಿನವರು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತಾರೆ. ದೃಷ್ಟಿ ಮರಳುತ್ತದೆ, ಮನಸ್ಸು ತಿಳಿಯಾಗುತ್ತದೆ. ಸ್ಕ್ಯಾನ್‌ನಲ್ಲಿ ಊತ ಪೂರ್ತಿ ಮಾಯವಾಗಲು ಇನ್ನೂ ಸ್ವಲ್ಪ ಕಾಲ ಬೇಕಾಗಬಹುದು. ಆದರೆ ‘ಮೊದಲಿನಂತಾಗಬಲ್ಲ’ ಎಂಬ ಹೆಸರನ್ನು ನಂಬಿ ಯಾರೂ ನಿರಾಳವಾಗಬಾರದು. ತಡವಾದರೆ ಊತದ ಜಾಗದಲ್ಲಿ ರಕ್ತಸ್ರಾವವಾಗಬಹುದು, ಮೆದುಳಿನ ಆ ಭಾಗ ಶಾಶ್ವತವಾಗಿ ಸಾಯಬಹುದು, ಜೀವವೂ ಹೋಗಬಹುದು.

ಮತ್ತೊಂದು ಮಾತನ್ನು ಒತ್ತಿ ಹೇಳಬೇಕು. ಹೀಗೆ ಬಂದ ಫಿಟ್ಸ್ ಸಾಮಾನ್ಯವಾಗಿ ಜೀವನಪೂರ್ತಿ ಕಾಡುವ ಮೂರ್ಛೆರೋಗವಲ್ಲ. ಮಾತ್ರೆ ಬೇಕಾದರೂ ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳು ಮಾತ್ರ. ನಿಲ್ಲಿಸುವ ಕಾಲವನ್ನು ವೈದ್ಯರು ಹೇಳುತ್ತಾರೆ. ‘ಫಿಟ್ಸ್ ಇರುವ ಹುಡುಗಿಯನ್ನು ನಮಗೆ ಕಟ್ಟಿದರು’ ಎಂದು ಸೊಸೆಯನ್ನು ತವರಿನಲ್ಲೇ ಬಿಡುವ ಮನೆಗಳನ್ನು ನೋಡಿದ್ದೇನೆ. ಅವಳಿಗೆ ಬಂದದ್ದು ಬಸಿರಿನ ತೊಂದರೆ. ಅವಳು ಹೊತ್ತದ್ದು ನಿಮ್ಮ ಮನೆಯ ಮಗುವನ್ನೇ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಾಲುಣಿಸಬಾರದು ಎಂಬುದೂ ಸರಿಯಲ್ಲ. ಹಾಲುಣಿಸುವವರಿಗೆ ಹೊಂದುವ ಮಾತ್ರೆಗಳಿವೆ.

ಮುಂದಿನ ಬಸಿರಿನಲ್ಲಿ ನಂಜು ಮರುಕಳಿಸುವ ಸಂಭವ ಇರುವುದರಿಂದ ಮೊದಲ ಭೇಟಿಯಲ್ಲೇ ಹಿಂದಿನ ವಿಷಯ ತಿಳಿಸಿ. ಅಂತಹವರಿಗೆ ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಆರಂಭಿಸುತ್ತಾರೆ. ವಯಸ್ಸಾದಂತೆ ಬಿ.ಪಿ. ಬರುವ ಸಂಭವವೂ ಇವರಲ್ಲಿ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು.

ತಡೆಯುವುದು ಹೇಗೆ?

ಬಸಿರಿನ ಪ್ರತಿ ತಪಾಸಣೆಯಲ್ಲೂ ಬಿ.ಪಿ. ನೋಡಿಸಿ, ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಸಿ. 140/90 ಮುಟ್ಟಿದರೆ ವೈದ್ಯರ ಸಲಹೆ ಬೇಕು. 160/110 ಮುಟ್ಟಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ. ಮೇಲ್ಹೊಟ್ಟೆಯ ನೋವು, ಇದ್ದಕ್ಕಿದ್ದಂತೆ ಮುಖ ಕೈ ಊದಿಕೊಳ್ಳುವುದು ಕೂಡ ಎಚ್ಚರಿಕೆಯ ಗಂಟೆಗಳು. ಬಿ.ಪಿ. ಇದ್ದವಳು ಹೆರಿಗೆಯಾಗಿ ಮನೆಗೆ ಬಂದ ನಂತರ ಮೊದಲ ವಾರದಲ್ಲಿ ಒಂದೆರಡು ಸಲವಾದರೂ ಬಿ.ಪಿ. ನೋಡಿಸಬೇಕು. ಆಶಾ ಕಾರ್ಯಕರ್ತೆ 3, 7, 14ನೆಯ ದಿನಗಳಲ್ಲಿ ಮಗುವನ್ನು ನೋಡಲು ಮನೆಗೆ ಬರುತ್ತಾರೆ. ಬಾಣಂತಿಯ ತಲೆನೋವನ್ನೂ ಅವರಿಗೆ ತಿಳಿಸಿ. ಎದೆಹಾಲು ನಿಲ್ಲಿಸುವ ಮಾತ್ರೆ, ನೆಗಡಿಯ ಮಾತ್ರೆಗಳಲ್ಲಿ ಕೆಲವು ಬಿ.ಪಿ. ಏರಿಸುತ್ತವೆ. ಅಂಗಡಿಯಿಂದ ನೇರವಾಗಿ ಕೊಳ್ಳಬೇಡಿ.

ಬಿ.ಪಿ. ನೋಡಲು ಐದು ನಿಮಿಷ ಸಾಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಖರ್ಚಿಲ್ಲ. ನಿಮ್ಮ ಮನೆಯಲ್ಲಿ ಈಗ ಗರ್ಭಿಣಿಯೋ ಬಾಣಂತಿಯೋ ಇದ್ದರೆ, ಅಥವಾ ಬಿ.ಪಿ. ಮಾತ್ರೆ ಬಿಟ್ಟ ಹಿರಿಯರಿದ್ದರೆ, ಅವರ ಬಿ.ಪಿ.ಯನ್ನು ಕೊನೆಯ ಬಾರಿ ನೋಡಿಸಿದ್ದು ಯಾವಾಗ ಎಂದು ಇಂದೇ ಕೇಳಿ. ನೆನಪಿಗೆ ಬರದಿದ್ದರೆ ನಾಳೆ ಬೆಳಗ್ಗೆಯೇ ನೋಡಿಸಿ.